ಕೆಮ್ಮಿದ ಮೇಲೆ

ನಿಪ್ಪಾಣಿ
೧೪ ಜನವರಿ ೨೦೨೪

ಅಪ್ಪಾ,

ನಮಸ್ಕಾರ. ಈ ಕಾಗದವನ್ನು ಹರಿಯುವ ಮುಂಚೆ ಒಂದು ಸಲ ಓದಿರಿ. ಹರಿಯುವುದಿದ್ದರೆ ಆಮೇಲೂ ಹರಿಯಬಹುದು.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅವ್ವನ ಫೋನಿಗೆ ಮಾಡಿದರೆ ಎದ್ದು ಹೊಲಕ್ಕೆ ಹೋಗುತ್ತೀರಿ. ನಾನು ಮಲ್ಲೇಶನ ಜೊತೆ ಚಿಕ್ಕೋಡಿಯ ರಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡಿದ ದಿನ ನೀವು ಭೀಮಸಿ ಕಾಕಾನ ಕೈಯಲ್ಲಿ ಹೇಳಿ ಕಳಿಸಿದ್ದಿರಿ: "ಊರ ಮಂದಿ ಲಗ್ನಕ್ಕೆಲ್ಲಾ ಗುಗ್ಗಳದ ಬೆಂಕಿಕೊಡದ ಮುಂದ ನಿಂತು ವೀರಭದ್ರನ ಒಡಪು ಹೇಳೂ ಪುರವಂತ ನಾನು. ನನ್ನ ಮಗಳ ಲಗ್ನಕ್ಕ ಗುಗ್ಗಳಾ ಇಲ್ಲಂದ್ರ ಇನ್ನ ಮ್ಯಾಲೆ ನನ್ನ ದನಿ ಆಕಿ ಕಿವಿಗೆ ಬೀಳೂದಿಲ್ಲ. ವೀರಭದ್ರನ ಆಣಿ." ಎರಡು ವರ್ಷವಾಯಿತು. ಬಿದ್ದಿಲ್ಲ. ನೀವು ಮಾತಿಗೆ ಗಟ್ಟಿ ಎಂಬುದು ಊರಿಗೇ ಗೊತ್ತಿರುವ ಸಂಗತಿ.

ನಾನು ಬರೆಯುತ್ತಿರುವುದು ಅದಕ್ಕಲ್ಲ. ಮೊನ್ನೆ ಅವ್ವ ಹೇಳಿದಳು: "ನಿಮ್ಮಪ್ಪಾರಿಗೆ ಕೆಮ್ಮು ಬಂತಂದ್ರ ಎರಡೂ ಕೈಲೆ ಹೆಡಕು ಹಿಡ್ಕೋತಾರ. 'ಯಪ್ಪಾ' ಅಂತ ಗ್ವಾಡಿಗೆ ಹಣಿ ಹಚ್ಚಿ ನಿಂದರ್ತಾರ. ಆಮ್ಯಾಲೆ ಏನೂ ಆಗೇ ಇಲ್ಲ ಅನ್ನೂವಂಗ ಚಾ ಕೇಳ್ತಾರ."

ಮಲ್ಲೇಶನ ಮೆಡಿಕಲ್ ಅಂಗಡಿಯಲ್ಲಿ ಕೂತು ದಿನವಿಡೀ ಕೆಮ್ಮು ಕೇಳುವವಳು ನಾನು. ತಂಬಾಕಿನ ಗೋದಾಮಿನ ಹಮಾಲರು ಬರುತ್ತಾರೆ, ಬೀಡಿ ಕಟ್ಟುವ ಹೆಂಗಸರು ಬರುತ್ತಾರೆ. ಕೆಮ್ಮಿದವರು ಎದೆ ಹಿಡಿದುಕೊಳ್ಳುತ್ತಾರೆ, ಪಕ್ಕೆ ಹಿಡಿದುಕೊಳ್ಳುತ್ತಾರೆ. ಹೀಗೆ ತಲೆಯ ಹಿಂದೆ ಹೆಡಕು ಹಿಡಿದುಕೊಂಡವರನ್ನು ನಾನು ನೋಡಿಲ್ಲ. ಮಲ್ಲೇಶನಿಗೆ ಹೇಳಿದೆ. ಅವನು ಬಿಲ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನನಗೆ ಅದು ಸರಿಬರಲಿಲ್ಲ.

ಎಲ್ಲಿ ನೋಯುತ್ತದೆ, ಎಷ್ಟು ಹೊತ್ತು ಇರುತ್ತದೆ, ಕೆಮ್ಮಿದಾಗ ಮಾತ್ರವೋ ಬೇರೆ ಯಾವಾಗಲಾದರೂ ಬರುತ್ತದೆಯೋ ಬರೆದು ತಿಳಿಸಿರಿ. ದನಿಯ ಮೇಲೆ ಹಾಕಿದ ಆಣೆ ಕಾಗದಕ್ಕೆ ತಾಗುವುದಿಲ್ಲ.

ನಿಮ್ಮ ಮಗಳು
ಉಜ್ವಲಾ


ಯಡೂರು
೨ ಫೆಬ್ರುವರಿ ೨೦೨೪

ಉಜ್ವಲಾಗೆ,

ಕಾಗದ ಬಂತು. ಹರಿದಿಲ್ಲ. ನಿನ್ನವ್ವ ಚನ್ನವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು. ಅಲ್ಲಿಂದ ತೆಗೆದು ಹರಿಯುವುದು ನನಗೆ ಸರಿಕಾಣಲಿಲ್ಲ.

ಆಣೆ ಮಾಡಿದ್ದು ದನಿಗೆ. ಬರೆಯುವುದಿಲ್ಲ ಎಂದು ನಾನು ಅಂದಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ಅಷ್ಟೇ.

ಕೆಮ್ಮಿದರೆ ಬರುತ್ತದೆ. ಸೀನಿದರೆ ಬರುತ್ತದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಬರುತ್ತದೆ. ಸಮಾಳ ಬಾರಿಸುವ ಭೀಮಸಿ ಏನಾದರೂ ಅಡ್ನಾಡಿ ಮಾತು ಹೇಳಿ ನಗಿಸಿದರೂ ಬರುತ್ತದೆ. ಹಾಗಾಗಿ ಅವನ ಪಕ್ಕ ಕೂರುವುದನ್ನು ಬಿಟ್ಟಿದ್ದೇನೆ. ಹೆಡಕು ಸೀಳಿದ ಹಾಗಾಗಿ ಕಣ್ಣು ಕತ್ತಲೆ ಬರುತ್ತದೆ. ಒಂದು ಎಲೆಗೆ ಸುಣ್ಣ ಹಚ್ಚಿ ಮಡಚುವಷ್ಟು ಹೊತ್ತು, ಆಮೇಲೆ ಹೋಗುತ್ತದೆ. ಹೋದ ಮೇಲೆ ಏನೂ ಇರುವುದಿಲ್ಲ. ನೋವೂ ಇಲ್ಲ, ಸಿಟ್ಟೂ ಇಲ್ಲ. ಸುಮ್ಮನೆ ಗೋಡೆ ನೋಡುತ್ತಾ ನಿಂತಿರುತ್ತೇನೆ.

ಚಿಕ್ಕೋಡಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ಬಿ.ಪಿ. ನೋಡಿದರು. ಕಬ್ಬಿನ ಟ್ರ್ಯಾಕ್ಟರಿನ ಧೂಳು ಎಂದು ಕೆಮ್ಮಿನ ಔಷಧಿ ಕೊಟ್ಟರು. ಕೆಮ್ಮು ಕಡಿಮೆಯಾಯಿತು. ಸೀನು ಉಳಿಯಿತು. ಸೀನಿಗೆ ಔಷಧಿ ಕೇಳಲು ನಾನು ಮತ್ತೆ ಹೋಗಲಿಲ್ಲ.

ಒಡಪು ಹೇಳುವಾಗಲೂ ಬರುತ್ತದೆ. "ಆಹಹಾ ರುದ್ರಾ" ಎಂದು ದನಿ ಎತ್ತುವುದೇ ತಡ, ಹಿಂದಿನಿಂದ ಯಾರೋ ಕೊಡಲಿ ಇಟ್ಟ ಹಾಗೆ. ಜನ ನೋಡುತ್ತಾರೆಂದು ಕುಣಿತದಲ್ಲೇ ತಲೆ ಹಿಡಿದುಕೊಳ್ಳುತ್ತೇನೆ, ಅದೂ ಕುಣಿತವೇ ಎಂದುಕೊಳ್ಳುತ್ತಾರೆ. ಇಷ್ಟು ವರ್ಷ ಇಲ್ಲದ್ದು ನೀನು ಹೋದ ಮೇಲೆ ಶುರುವಾಗಿದೆ. ಯಾಕೆ ಎಂಬುದು ಹೇಳಿಸಿಕೊಳ್ಳುವ ಮಾತಲ್ಲ. ಸ್ವಂತ ಮಗಳ ಗುಗ್ಗಳ ತಪ್ಪಿಸಿದ ಮನೆಯವನು ಮಂದಿಯ ಗುಗ್ಗಳಕ್ಕೆ ಬಾಯಿ ಮಾಡಿದರೆ ವೀರಭದ್ರ ಸುಮ್ಮನೆ ಕೂರುವವನಲ್ಲ. ಇದಕ್ಕೆ ಡಾಕ್ಟರು ಬೇಕಾಗಿಲ್ಲ.

ಕಾಡಸಿದ್ದ


ನಿಪ್ಪಾಣಿ
೧೧ ಫೆಬ್ರುವರಿ ೨೦೨೪

ಅಪ್ಪಾ,

ಆತನಿಗೆ ಸಿಟ್ಟು ಬಂದಿದ್ದರೆ ನನ್ನ ತಲೆ ಹಿಡಿಯಬೇಕಿತ್ತು. ನನ್ನದು ನೆಟ್ಟಗಿದೆ. ಬೆಳಗ್ಗೆ ಎದ್ದು ಅಂಗಡಿ ತೆಗೆಯುತ್ತೇನೆ, ಔಷಧಿ ಎಣಿಸುತ್ತೇನೆ, ಮುಚ್ಚುತ್ತೇನೆ.

ಮಲ್ಲೇಶ ಮಿರಜಿಗೆ ಮಾಲು ತರಲು ಹೋದಾಗ ಅಲ್ಲಿಯ ನರರೋಗದ ಡಾಕ್ಟರನ್ನು ಕೇಳಿ ಬಂದಿದ್ದಾನೆ. ಕೆಮ್ಮಿದಾಗ ತಲೆ ನೋಯುವುದು ಎರಡು ಥರ ಅಂತೆ. ಒಂದರಲ್ಲಿ ತಲೆಯೊಳಗೆ ಎಲ್ಲಾ ಸರಿಯಾಗಿಯೇ ಇರುತ್ತದೆ, ನೋವು ಮಾತ್ರ ಬರುತ್ತದೆ. ಅದಕ್ಕೆಂದೇ ಒಂದು ಮಾತ್ರೆ ಇದೆ. ಬಹಳ ಜನರಿಗೆ ಅದರಿಂದ ನಿಲ್ಲುತ್ತದೆ. ಇನ್ನೊಂದರಲ್ಲಿ ಒಳಗೆ ಏನೋ ಜಾಗ ತಪ್ಪಿರುತ್ತದೆ, ಇಲ್ಲವೇ ಏನೋ ಬೆಳೆದಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎಂ.ಆರ್.ಐ. ಮಾಡಿಸದೆ ಯಾವುದೆಂದು ಹೇಳಲು ಬರುವುದಿಲ್ಲ. ತಲೆಗೂ ಮಾಡಿಸಬೇಕು, ಕುತ್ತಿಗೆಗೂ ಮಾಡಿಸಬೇಕು.

ಆ ಮಾತ್ರೆ ನಮ್ಮ ಅಂಗಡಿಯಲ್ಲೇ ಇದೆ ಅಪ್ಪಾ. ನಾನು ಕೂರುವ ಜಾಗದಿಂದ ಕೈ ಚಾಚಿದರೆ ಸಿಗುತ್ತದೆ. ಲಕೋಟೆಯಲ್ಲಿ ಹಾಕಿ ಕಳಿಸಿಬಿಡೋಣ ಎಂದೆ. ಮಲ್ಲೇಶ ಹೇಳಿದ: "ಬ್ಯಾಡ ಉಜ್ವಲಾ. ಸ್ಕ್ಯಾನ್ ಇಲ್ಲದ ಕೊಟ್ವಿ ಅಂದ್ರ, ಒಳಗಿಂದು ಒಳಗ ಇರ್ತೈತಿ, ನಾವು ಬಾಯಿ ಮುಚ್ಚಿಸಿದಂಗ ಆಕ್ಕೈತಿ." ಅವನು ನಿಮ್ಮ ಪೈಕಿಯವನಲ್ಲದಿರಬಹುದು, ಕೆಲಸ ಗೊತ್ತಿರುವವನು.

ಡಾಕ್ಟರು ಇನ್ನೊಂದು ಮಾತು ಕೇಳಿದರಂತೆ. ಕೈ ಜೋಮು ಹಿಡಿಯುತ್ತದೆಯೇ? ಅದನ್ನು ಬರೆಯಿರಿ.

ಉಜ್ವಲಾ


ಯಡೂರು
೩ ಮಾರ್ಚ್ ೨೦೨೪

ಉಜ್ವಲಾಗೆ,

ಸ್ಕ್ಯಾನಿನ ಮಾತು ಇನ್ನು ಬೇಡ. ಯಾಕೆಂದು ಬರೆಯುತ್ತೇನೆ.

ಹೋದ ವಾರ ಅಲಖನೂರಿನಲ್ಲಿ ಒಂದು ಲಗ್ನವಿತ್ತು. ದೊಡ್ಡ ಮನೆತನ. ಗುಗ್ಗಳದ ಕೊಡದಲ್ಲಿ ಬೆಂಕಿ ಚೆನ್ನಾಗಿ ಹತ್ತಿತ್ತು. ಒಡಪು ಹೇಳಲು ಹೋದೆ, ಹೆಡಕು ಸೀಳಿತು, ದನಿ ಅರ್ಧಕ್ಕೇ ನಿಂತಿತು. ಪುರವಂತನ ದನಿ ಬೀದಿಯ ನಡುವೆ ನಿಂತರೆ ಏನು ಮರ್ಯಾದೆ. ಶಸ್ತ್ರ ಹಾಕಿಸಿಕೊಳ್ಳುತ್ತೇನೆ ಎಂದೆ. ಎಡಗೈ ಮುಂದೆ ಮಾಡಿದೆ. ಮುಂಗೈಯಲ್ಲಿ ಶಸ್ತ್ರ ಈ ಕಡೆಯಿಂದ ಚುಚ್ಚಿ ಆ ಕಡೆ ತೆಗೆದರು.

ನೋವಾಗಲಿಲ್ಲ. ಒಂದಿಷ್ಟೂ ಆಗಲಿಲ್ಲ.

ಭೀಮಸಿ ಸಮಾಳ ಬಾರಿಸುವುದನ್ನು ನಿಲ್ಲಿಸಿ ಕೂಗಿದ: "ನೋಡ್ರೋ, ಕಾಡಸಿದ್ದನ ಮಾರಿ ನೋಡ್ರೋ! ಹುಬ್ಬು ಸೈತ ಅಳ್ಳಾಡಲಿಲ್ಲಲೇ! ದೇವರು ಒಲದಾನ!" ಹೆಂಗಸರು ಕಾಲಿಗೆ ನೀರು ಹಾಕಿದರು. ಮದುಮಗನ ಅಪ್ಪ ಬಂದು ಅಡ್ಡಬಿದ್ದ. ಆಮೇಲೆ ಕೊಡ ಹೊತ್ತವನ ಹತ್ತಿರ ಹೋಗಿ ನಾನೂ ಕೈ ಕೊಟ್ಟೆ, ಅದರ ಬಿಸಿಯೂ ತಾಗಲಿಲ್ಲ. ಊಟಕ್ಕೆ ಕೂತಾಗ ಚನ್ನವ್ವ ನನ್ನ ತೋಳು ಹಿಡಿದು, "ಅಯ್ಯ ಶಿವನ, ಇಷ್ಟ ದೊಡ್ಡ ಬೊಬ್ಬಿ ಬಂದೈತಿ, ನಿಮಗ ಗೊತ್ತ ಆಗಲಿಲ್ಲೇನ್ರಿ?" ಎಂದಳು. ಗೊತ್ತಾಗಿರಲಿಲ್ಲ.

ಆತ ಒಲಿದಿದ್ದಾನೆ, ಮಗಳ ತಪ್ಪು ಮನ್ನಿಸಿದ್ದಾನೆ ಎಂದು ಊರು ಹೇಳುತ್ತಿದೆ. ಅಲಖನೂರಿನಿಂದ ಇಲ್ಲಿಯವರೆಗೂ ಅದೇ ಮಾತು. ಆತ ಮನ್ನಿಸಿದ ಮೇಲೆ ಡಾಕ್ಟರು ಯಾಕೆ.

ಅಕ್ಷರ ಸೊಟ್ಟಗಾಗಿದ್ದರೆ ಪೆನ್ನಿನ ದೋಷ. ಬೆರಳಿನಲ್ಲಿ ನಿಲ್ಲುತ್ತಿಲ್ಲ.

ಕಾಡಸಿದ್ದ


ನಿಪ್ಪಾಣಿ
೧೦ ಮಾರ್ಚ್ ೨೦೨೪

ಅಪ್ಪಾ,

ನಿಮ್ಮ ಕಾಗದ ಓದಿ ಮಡಚಿದೆ. ಒಬ್ಬಳು ಬೀಡಿಯವಳು ಕೆಮ್ಮಿನ ಔಷಧಿ ಕೇಳಿದಳು, ಕೊಟ್ಟೆ. ಚಿಲ್ಲರೆ ಕೊಟ್ಟೆ. ಮತ್ತೆ ಬಿಚ್ಚಿ ಓದಿದೆ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಈಚೆಗೆ ನನಗೆ ಯಾವುದೂ ಸರಿಯಾಗಿ ಬರುವುದಿಲ್ಲ.

ಮರುದಿನ ಕಾಗದ ತೆಗೆದುಕೊಂಡು ನಾವಿಬ್ಬರೂ ಮಿರಜಿಗೆ ಹೋದೆವು. ಡಾಕ್ಟರು ಮರಾಠಿಯವರು. ಮಲ್ಲೇಶ ಒಂದೊಂದೇ ಸಾಲು ಮರಾಠಿಯಲ್ಲಿ ಹೇಳುತ್ತಾ ಹೋದ. ಶಸ್ತ್ರದ ಮಾತು ಬಂದಾಗ ಅವರು "ಪರತ್ ವಾಚಾ" ಎಂದರು. ಮಲ್ಲೇಶ ಮತ್ತೆ ಓದಿದ. ಬೊಬ್ಬೆಯ ಸಾಲನ್ನೂ ಮತ್ತೆ ಓದಿಸಿದರು. ಆಮೇಲೆ ಪೆನ್ನು ಕೆಳಗಿಟ್ಟರು.

ಈಗ ನಾನು ಬರೆಯುವುದನ್ನು ನೀವು ಹೇಗೆ ತೆಗೆದುಕೊಳ್ಳುತ್ತೀರೋ ಗೊತ್ತಿಲ್ಲ. ನಿಮ್ಮ ಲಗ್ನಕ್ಕಿಂತ, ನನ್ನ ಹುಟ್ಟಿಗಿಂತ ದೊಡ್ಡ ದಿನ ನಿಮಗೆ ಅಲಖನೂರಿನದು ಎಂದು ನನಗೆ ಗೊತ್ತು. ಅದನ್ನು ನಿಮ್ಮಿಂದ ಕಸಿದುಕೊಳ್ಳುವ ಕೆಲಸ ನನ್ನ ಪಾಲಿಗೇ ಬರಬೇಕಿತ್ತೇ? ಬರೆಯದೆ ಬಿಡೋಣ ಎಂದೂ ಅನಿಸಿತು. ಆದರೆ ಬಿಟ್ಟರೆ ನೀವು ಉಳಿಯುವುದಿಲ್ಲ.

ಶಸ್ತ್ರ ಚುಚ್ಚಿದರೆ ನೋವಾಗದೆ ಇರುವುದು, ಬೆಂಕಿಯ ಬಿಸಿ ತಿಳಿಯದೆ ಇರುವುದು, ಬೆರಳಿನಲ್ಲಿ ಪೆನ್ನು ನಿಲ್ಲದೆ ಇರುವುದು, ಕೆಮ್ಮಿದಾಗ ಹೆಡಕು ಸೀಳುವುದು, ಇಷ್ಟೂ ಒಂದೇ ಜಾಗದಿಂದ ಹೊರಟಿವೆ ಎಂದು ಅವರಿಗೆ ಅನುಮಾನ. ಅದು ಒಲುಮೆಯಲ್ಲ ಅಪ್ಪಾ. ಕೈ ಸಾಯುತ್ತಿದೆ.

ಸ್ಕ್ಯಾನಿಗೆ ಹೋಗಿರಿ. ನಾನು ಬರುವುದಿಲ್ಲ, ಮಲ್ಲೇಶನೂ ಬರುವುದಿಲ್ಲ. ಭೀಮಸಿ ಕಾಕಾನನ್ನು ಕರೆದುಕೊಂಡು ಹೋಗಿರಿ. ನನಗೆ ಹೆದರಿಕೆಯಾಗಿದೆ.

ಉಜ್ವಲಾ


ನಿಪ್ಪಾಣಿ
೨ ಏಪ್ರಿಲ್ ೨೦೨೪

ಅಪ್ಪಾ,

ಉತ್ತರ ಬಂದಿಲ್ಲ. ಅವ್ವನಿಗೆ ಫೋನ್ ಮಾಡಿದರೆ ಬಿಸಿಲಿನ ಮಾತಾಡುತ್ತಾಳೆ, ಎಮ್ಮೆಯ ಮಾತಾಡುತ್ತಾಳೆ. ನಿಮ್ಮ ಹೆಸರು ಎತ್ತಿದರೆ "ಒಲಿ ಮ್ಯಾಲೆ ಹಾಲ ಇಟ್ಟೇನಿ" ಎಂದು ಇಟ್ಟುಬಿಡುತ್ತಾಳೆ.

ಬೈದಾದರೂ ಬರೆಯಿರಿ.

ಉಜ್ವಲಾ


ಯಡೂರು
೨೧ ಏಪ್ರಿಲ್ ೨೦೨೪

ಉಜ್ವಲಾಗೆ,

ಸ್ಕ್ಯಾನ್ ಆಯಿತು.

ಮಿರಜಿಗೆ ಭೀಮಸಿ ಬಂದಿದ್ದ. ಕೊಳವೆಯಂಥದ್ದರೊಳಗೆ ಮಲಗಿಸಿ ಅಲ್ಲಾಡಬೇಡ ಎಂದರು. ಒಳಗೆ ಸಮಾಳ ಬಡಿದ ಹಾಗೆ ಸಪ್ಪಳ, ತಾಳ ಮಾತ್ರ ಇಲ್ಲ. ಹೊರಗೆ ಕೂತಿದ್ದ ಭೀಮಸಿ ಬಾಗಿಲ ಹತ್ತಿರ ಹೋಗಿ, "ಯಾಂವಲೇ ಅಂವಾ ಬಾರಸಾಕತ್ತಾಂವ? ತಾಳದ ಗಂಧಾ ಇಲ್ಲ ಮಗಗ" ಎಂದನಂತೆ. ಆಮೇಲೆ ಅದನ್ನು ನನಗೆ ಹೇಳಿದ. ನಗು ಬಂತು, ಹೆಡಕು ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತೆ.

ಡಾಕ್ಟರು ಸೂಜಿ ಚುಚ್ಚುತ್ತಾ "ದುಖ್ತಂಯ ಕಾ?" ಎಂದು ಕೇಳುತ್ತಾ ಹೋದರು. ಕಾಲಿಗೆ ನೋವಾಯಿತು. ಎರಡೂ ತೋಳಿಗೆ, ಭುಜಕ್ಕೆ ಆಗಲಿಲ್ಲ. ಬಿಸಿನೀರಿನ ಶೀಸೆ, ತಣ್ಣೀರಿನ ಶೀಸೆ ಮುಟ್ಟಿಸಿದರು. ಎರಡೂ ಒಂದೇ.

ಸಣ್ಣ ಮೆದುಳಿನ ತುದಿ ತಲೆಬುರುಡೆಯ ಕೆಳಗಿನ ತೂತಿನಿಂದ ಕುತ್ತಿಗೆಯೊಳಗೆ ಇಳಿದು ಕೂತಿದೆಯಂತೆ. ಕಬ್ಬಿನ ಕಾಲುವೆಗೆ ಮಣ್ಣಿನ ಹೆಂಟೆ ಅಡ್ಡ ಬಿದ್ದ ಹಾಗೆ. ಮೆದುಳಿನ ಸುತ್ತ ಇರುವ ನೀರು ಅಲ್ಲಿ ಹಾಯಬೇಕು, ಹಾಯುತ್ತಿಲ್ಲ. ಕೆಮ್ಮಿದಾಗ ಒತ್ತುತ್ತದೆ. ಅದೇ ಕಾರಣಕ್ಕೆ ಬೆನ್ನಹುರಿಯೊಳಗೂ ನೀರು ನಿಂತಿದೆ, ಕೈ ಸತ್ತದ್ದು ಅದಕ್ಕೆ. ಜಾಗ ಹುಟ್ಟಿನಿಂದಲೇ ಸಣ್ಣದಿತ್ತಂತೆ. ಹುಟ್ಟಿನಿಂದ ಎಂದರೆ ನಿನ್ನ ಲಗ್ನಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಬರೆದು ತಿಳಿಸಬೇಕು ಅನಿಸಿತು, ತಿಳಿಸಿದ್ದೇನೆ.

ಆ ದಿನವನ್ನು ಕಸಿದುಕೊಂಡೆ ಎಂದು ನೀನು ಬರೆದಿದ್ದೆ. ಇಲ್ಲ. ಊರು ಹೇಳುತ್ತಿದೆ ಎಂದು ನಾನು ಬರೆದಿದ್ದೆ, ನಾನು ಹೇಳಿದ್ದೇನೆ ಎಂದು ಬರೆದಿರಲಿಲ್ಲ. ಶಸ್ತ್ರ ಹಾಕಿಸಿಕೊಂಡಾಗಲೆಲ್ಲಾ ನನಗೆ ನೋವಾಗಿದೆ. ಜೀವ ಬಾಯಿಗೆ ಬರುವಷ್ಟು ಆಗಿದೆ. ಆತ ಒಂದು ಸಲವೂ ರಿಯಾಯತಿ ಕೊಟ್ಟವನಲ್ಲ. ಆ ನೋವಿನೊಳಗೇ ಆತ ಇರುತ್ತಿದ್ದ. ಅಲಖನೂರಿನಲ್ಲಿ ಶಸ್ತ್ರ ಈ ಕಡೆಯಿಂದ ಹೋಗಿ ಆ ಕಡೆಯಿಂದ ಬಂತು, ಒಳಗೆ ಯಾರೂ ಇರಲಿಲ್ಲ. ಜನ ಕಾಲಿಗೆ ಬೀಳುತ್ತಿದ್ದರು. ನಾನು ಬರಿ ನಿಂತಿದ್ದೆ. ಏನೋ ಕೆಟ್ಟಿದೆ ಎಂದು ನನಗೆ ಅವತ್ತೇ ತಿಳಿದಿತ್ತು.

ಆಪರೇಷನ್ ಮಾಡಬೇಕು ಎನ್ನುತ್ತಾರೆ. ಹೆಡಕಿನ ಎಲುಬು ಒಂದಿಷ್ಟು ತೆಗೆದು ಜಾಗ ಮಾಡುತ್ತಾರಂತೆ. ಕೆಮ್ಮಿನ ನೋವು ಹೋಗುವ ಸಂಭವ ಬಹಳ. ಕೈ ಮರಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದನಿಯ ನರ ಅಲ್ಲೇ ಹತ್ತಿರ ಇದೆ, ದನಿ ಒಡೆಯಲೂಬಹುದು. ಆಮೇಲೆ ಕುಣಿತವಿಲ್ಲ, ಕೂಗುವುದಿಲ್ಲ, ಶಸ್ತ್ರವಂತೂ ಇಲ್ಲವೇ ಇಲ್ಲ.

ಬೇಡ ಎಂದು ಹೇಳಿ ಬಂದಿದ್ದೇನೆ. ದನಿ ಹೋದ ಮೇಲೆ ಪುರವಂತ ಯಾರು, ನಾನು ಯಾರು.

ಕಾಡಸಿದ್ದ


ನಿಪ್ಪಾಣಿ
೨೮ ಏಪ್ರಿಲ್ ೨೦೨೪

ಅಪ್ಪಾ,

ದನಿ, ದನಿ, ದನಿ. ಇಡೀ ಯಡೂರಿಗೆ ಕೊಟ್ಟಿರಿ, ರಾಯಬಾಗ, ಅಥಣಿ, ಕಾಗವಾಡದ ಲಗ್ನಗಳಿಗೆಲ್ಲಾ ಕೊಟ್ಟಿರಿ. ನನ್ನೊಬ್ಬಳಿಗೆ ಇಲ್ಲ ಎಂದಿರಿ. ಎರಡು ವರ್ಷದಿಂದ ಆ ದನಿ ಇಲ್ಲದೆ ನಾನು ಬದುಕಿಲ್ಲವೇ? ಬದುಕಿದ್ದೇನೆ. ಉಣ್ಣುತ್ತೇನೆ, ಅಂಗಡಿಗೆ ಬರುತ್ತೇನೆ. ಚಹಾ ಬಿಸಿ ಇದೆಯೋ ತಣ್ಣಗಾಗಿದೆಯೋ ಕುಡಿದು ಮುಗಿದ ಮೇಲೂ ಗೊತ್ತಾಗುವುದಿಲ್ಲ, ಅಷ್ಟೇ. ನನಗೆ ಸ್ಕ್ಯಾನ್ ಮಾಡಿದರೆ ಏನೂ ಕಾಣುವುದಿಲ್ಲ. ದನಿ ಇಲ್ಲದೆ ಹೇಗೆ ಇರುವುದು ಎಂದು ತಿಳಿಯದಿದ್ದರೆ ನನ್ನನ್ನು ಕೇಳಿರಿ, ಹೇಳಿಕೊಡುತ್ತೇನೆ.

ಸಿಟ್ಟಿನಿಂದ ಬರೆದೆ. ಅಳಿಸುವುದಿಲ್ಲ.

ನಿಮ್ಮ ಕಾಗದಗಳನ್ನೆಲ್ಲಾ ಮುಂದೆ ಹರವಿಕೊಂಡು ಕೂತಿದ್ದೇನೆ. ಫೆಬ್ರುವರಿಯ ಕಾಗದದಲ್ಲಿ ನಿಮ್ಮ ಅಕ್ಷರ ನೆಟ್ಟಗಿದೆ, ಶಾಲೆಯಲ್ಲಿ ನನಗೆ ತಿದ್ದಿಸಿದ ಅಕ್ಷರವೇ. ಮಾರ್ಚಿನದು ವಾಲಿದೆ. ಏಪ್ರಿಲಿನದರಲ್ಲಿ "ನಾನು ಯಾರು" ಎಂಬುದನ್ನು ಓದಲು ಮಲ್ಲೇಶನನ್ನು ಕರೆಯಬೇಕಾಯಿತು. ಹೀಗೇ ಬಿಟ್ಟರೆ ಬೆರಳಿನ ಬಲವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ದನಿ ನನಗೆ ಮೊದಲೇ ಇಲ್ಲ. ಈಗ ಅಕ್ಷರವೂ ಹೋದರೆ ನನಗೆ ಅಪ್ಪ ಎಂದು ಉಳಿಯುವುದು ಏನು, ಅದನ್ನು ಬರೆದು ತಿಳಿಸಿರಿ. ಬರೆಯಲು ಬರುತ್ತಿರುವಾಗಲೇ.

ಉಜ್ವಲಾ


ಯಡೂರು
೧೨ ಮೇ ೨೦೨೪

ಉಜ್ವಲಾಗೆ,

ಬಹಳ ಬರೆಯಲು ಆಗುವುದಿಲ್ಲ. ಎರಡೂ ಕೈಯಿಂದ ಪೆನ್ನು ಹಿಡಿದಿದ್ದೇನೆ.

ನಾಡಿದ್ದು ಆಪರೇಷನ್ನಿಗೆ ಮಿರಜಿಗೆ ಸೇರುತ್ತೇನೆ. ಚನ್ನವ್ವ, ಭೀಮಸಿ ಇರುತ್ತಾರೆ. ಭೀಮಸಿ ಸಮಾಳ ತರುತ್ತೇನೆ ಎನ್ನುತ್ತಿದ್ದಾನೆ, ಬೈದಿದ್ದೇನೆ.

ನೀನು ಬರಬೇಡ ಎಂದು ಬರೆಯಬೇಕೆಂದು ಕೂತೆ. ಬರೆದಿಲ್ಲ. ನೋಡಿಕೊ.

ಅಪ್ಪ


ನಿಪ್ಪಾಣಿ
೨೩ ಜೂನ್ ೨೦೨೪

ಅಪ್ಪಾ,

ನೀವು ಉತ್ತರ ಬರೆಯುವ ಹಾಗಿಲ್ಲ, ಕೈಗೆ ವ್ಯಾಯಾಮ ಮಾತ್ರ ಎಂದು ಅವ್ವ ಹೇಳಿದಳು. ಬರೆಯಬೇಡಿರಿ. ನಾನೇ ಬರೆಯುತ್ತೇನೆ.

ಮಿರಜಿಗೆ ನಾನು ಬಂದಿದ್ದೆ. ಐ.ಸಿ.ಯು. ಗಾಜಿನ ಆಚೆ ನಿಂತಿದ್ದೆ. ನೀವು ಪಕ್ಕಕ್ಕೆ ಹೊರಳಿ ಮಲಗಿದ್ದಿರಿ, ಹೆಡಕಿನ ಮೇಲೆ ಉದ್ದಕ್ಕೆ ಪಟ್ಟಿ ಇತ್ತು, ಹಿಂದಿನ ಕೂದಲು ತೆಗೆದಿದ್ದರು. ನನಗೆ ಏನೂ ಅನಿಸಲಿಲ್ಲ. ಇದನ್ನು ಬರೆಯಬಾರದೇನೋ, ಆದರೆ ನಿಜ. ನಿಮ್ಮ ಹೊದಿಕೆ ಏರಿ ಇಳಿಯುವುದನ್ನು ನೋಡಿದೆ. ಭೀಮಸಿ ಕಾಕಾ ಬಂದು, "ಒಳಗ ಹೋಗಬೇ, ಅಂವಾ ನಿದ್ದಿಯೊಳಗ ಅದಾನ, ಗೊತ್ತ ಆಗೂದಿಲ್ಲ" ಎಂದ. ಗೊತ್ತಾಗದ ಹಾಗೆ ಹೋಗುವುದು ನನಗೆ ಬೇಡವಾಗಿತ್ತು. ಬಸ್ ಹತ್ತಿ ನಿಪ್ಪಾಣಿಗೆ ಬಂದೆ.

ಹೊಲಿಗೆ ಬಿಚ್ಚಿದರು, ನೀವು ಅಂಗಳದಲ್ಲಿ ಓಡಾಡುತ್ತೀರಿ ಎಂದು ಅವ್ವ ಹೇಳಿದ್ದಳು. ಕೈ ಇನ್ನೂ ಹಾಗೇ ಇದೆಯಂತೆ. ಬಿಸಿ ರೊಟ್ಟಿಯನ್ನು ನಿಮಗೆ ತಟ್ಟೆಯಲ್ಲೇ ಮುರಿದು ಹಾಕುತ್ತಾಳಂತೆ. ತಲೆಯದನ್ನು ಕೇಳಿದರೆ, "ನನಗೇನ ಗೊತ್ತವ್ವಾ, ಕೆಮ್ಮಾಕ ಹೆದರತಾರ, ಕೆಮ್ಮು ಬಂದ್ರ ನುಂಗತಾರ" ಎಂದಳು. ಡಾಕ್ಟರು ಕೆಮ್ಮಿ ನೋಡಿರಿ ಎಂದರೂ ಕೆಮ್ಮಲಿಲ್ಲವಂತೆ.

ನಿನ್ನೆ ಸಂಜೆ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಫೋನ್ ಬಂತು. ನಿಮ್ಮ ಹೆಸರು ಬಂತು. ಎರಡು ವರ್ಷದಿಂದ ಆ ಹೆಸರು ನನ್ನ ಫೋನಿನ ಮೇಲೆ ಬಂದಿರಲಿಲ್ಲ. ಎತ್ತಿದೆ. ನಾನು "ಅಪ್ಪಾ" ಎಂದೆ. ಆ ಕಡೆ ಏನೂ ಇಲ್ಲ. ದೂರದಲ್ಲಿ ಎಮ್ಮೆ ಕೂಗಿತು. ಕೈತಪ್ಪಿ ಫೋನ್ ಹತ್ತಿರಬೇಕು ಎಂದು ಇಡಲು ಹೋದೆ.

ಆಗ ನೀವು ಕೆಮ್ಮಿದಿರಿ.

ಬಾಯಿಗೆ ಕೈ ಅಡ್ಡ ಇಡದೆ, ನುಂಗದೆ, ಗಟ್ಟಿಯಾಗಿ ಕೆಮ್ಮಿದಿರಿ. ನಾನು ಕಾದೆ. ಈಗ "ಯಪ್ಪಾ" ಬರುತ್ತದೆ, ಈಗ ಗೋಡೆಗೆ ಹಣೆ ಹಚ್ಚುತ್ತೀರಿ ಎಂದು ಕಣ್ಣು ಮುಚ್ಚಿ ಕಾದೆ. ಎದುರಿಗಿದ್ದ ಗಿರಾಕಿ "ಕಾಯ್ ಝಾಲಂ ತಾಯಿ?", ಏನಾಯಿತು ಎಂದು ಕೇಳಿದಳು. ಸುಮ್ಮನಿರು ಎಂದು ಕೈ ಸನ್ನೆ ಮಾಡಿದೆ. ಉಸಿರಾಟ ಕೇಳಿತು. ಇನ್ನೊಂದು ಸಲ ಕೆಮ್ಮಿದಿರಿ. ಮತ್ತೆ ಉಸಿರಾಟ. ನೋವಿನ ಸದ್ದು ಬರಲೇ ಇಲ್ಲ. ಹಿಂದಿನಿಂದ ಅವ್ವ, "ಅಲ್ಲೇನ ಮಾಡಾಕತ್ತೀರಿ, ಯಾರ ಫೋನದು?" ಎಂದಳು. ನೀವು ಇಟ್ಟುಬಿಟ್ಟಿರಿ.

ಕೆಮ್ಮಿನ ದನಿ ಒಂದಿಷ್ಟು ಒಡೆದಿದೆ. ನಿಮ್ಮದೇ.

ನಾನು ಅಳುತ್ತಿದ್ದೇನೆ ಎಂಬುದು ಮಲ್ಲೇಶ ಬಂದು ಕೌಂಟರಿನಿಂದ ನನ್ನನ್ನು ಎಬ್ಬಿಸಿದ ಮೇಲೆಯೇ ಗೊತ್ತಾಯಿತು. ಅವನು ಚಹಾ ತಂದುಕೊಟ್ಟ. ಬಾಯಿ ಸುಟ್ಟಿತು.

ಕೆಮ್ಮು ದನಿಯ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ಆಣೆ ಮುರಿಯಿತೋ ಉಳಿಯಿತೋ, ಅದನ್ನು ನೀವು ಆತನ ಹತ್ತಿರ ಕೇಳಿಕೊಳ್ಳಿರಿ. ನಾನು ಕೇಳುವುದಿಲ್ಲ. ನಾಳೆಯೂ ಸಂಜೆ ಫೋನ್ ನನ್ನ ಹತ್ತಿರವೇ ಇರುತ್ತದೆ. ಮಾತಾಡುವುದು ಬೇಡ ಅಪ್ಪಾ. ಕೆಮ್ಮಿ ಇಟ್ಟುಬಿಡಿರಿ.

ನಿಮ್ಮ ಮಗಳು
ಉಜ್ವಲಾ